ಚಾವಿ ಕಿಸೆಗೆ ಹಾಕಿಕೊಂಡವರು

ಶಾಂತ ಸ್ವಭಾವದವರಂತೆ. ಮೃದು ಮಾತಿನವರಂತೆ. ಯಾರ ಮನಸ್ಸನ್ನೂ ನೋಯಿಸಿದವರಲ್ಲವಂತೆ. ಹೋದ ಭಾನುವಾರ ನಾಸಿಕದ ನಮ್ಮ ಕನ್ನಡದ ಮಂದಿ ಸೇರಿ ಮಾಡಿದ ಶ್ರದ್ಧಾಂಜಲಿ ಸಭೆಯಲ್ಲಿ, ಬ್ಯಾಂಕಿನಿಂದ ನಿವೃತ್ತರಾದ ಸಾಹೇಬರೊಬ್ಬರು ಮೈಕು ಹಿಡಿದು ಹೀಗೆ ಹೇಳುತ್ತಿದ್ದರೆ ನನಗೆ ಮೈಯೆಲ್ಲ ಉರಿಯಿತು. ತೊಡೆಯ ಮೇಲೆ ಮೊಮ್ಮಗಳು ಮಲಗಿರದಿದ್ದರೆ ಅಲ್ಲೇ ಎದ್ದು ನಿಂತು, ಸಾಹೇಬರೇ, ಇದು ಯಾರ ಸಭೆ ಎಂದು ಕೇಳಿಬಿಡುತ್ತಿದ್ದೆ.

ಫೋಟೋ ಕೂಡ ಸುಳ್ಳು. ಹಾರ ಹಾಕಿದ ಫೋಟೋದಲ್ಲಿ ಅವರು ನಗುತ್ತಿದ್ದಾರೆ ಎಂದು ಎಲ್ಲರೂ ಅಂದುಕೊಂಡರು. ಅದು ಯಾರದೋ ಮದುವೆಯಲ್ಲಿ ತೆಗೆದದ್ದು, ನಾನು ಪಕ್ಕದಲ್ಲೇ ಇದ್ದೆ. ಅವರಿಗೆ ಆಗ ಸೀನು ಬರುತ್ತಿತ್ತು.

ನಾನು ಭಾಲ್ಕಿ ಕಡೆಯ ಹಳ್ಳಿಯಲ್ಲಿ ಮೂರನೇ ಇಯತ್ತೆಯವರೆಗೆ ಓದಿದವಳು. ಬರೆಯುವುದು ನನ್ನ ಕೆಲಸವಲ್ಲ. ಆದರೆ ಒಬ್ಬ ಮನುಷ್ಯ ಜೀವನವಿಡೀ ಸಿಟ್ಟು ಮಾಡಿ ಮಾಡಿ ಬಾಳಿದ ಮೇಲೆ, ಸತ್ತ ಹದಿನೈದು ದಿನದೊಳಗೆ ಆ ಸಿಟ್ಟನ್ನು ಅವನಿಂದ ಕಿತ್ತುಕೊಂಡು ಸಕ್ಕರೆ ಪಾಕ ಸುರಿಯುವುದು ನ್ಯಾಯವೇ? ಅದಕ್ಕೇ ಬರೆಯುತ್ತಿದ್ದೇನೆ.

ಅವರನ್ನು ಎಲ್ಲರೂ ಟೈರ್ ಕಾಕಾ ಎನ್ನುತ್ತಿದ್ದರು. ನಾಸಿಕದಿಂದ ಓಝರಿಗೆ ಹೋಗುವ ದಾರಿಯಲ್ಲಿ ಅವರ ಅಂಗಡಿ. ಬೀದರ ಕಡೆಯವರು, ಮೀಸೆ ಮೂಡುವ ವಯಸ್ಸಿನಲ್ಲಿ ಇಲ್ಲಿಗೆ ಬಂದವರು. ಮುಂಜಾನೆ ಹಣೆಯ ಮೇಲೆ ಬೆಳ್ಳಗೆ ಇರುತ್ತಿದ್ದ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಟೈರಿನ ಮಸಿ ತಾಗಿ ಬೂದು ಬಣ್ಣವಾಗುತ್ತಿತ್ತು. ಗಾಡಿ ಬಂದು ನಿಂತರೆ ಮೊದಲು ಗಿರಾಕಿಯ ಮುಖ ನೋಡುತ್ತಿರಲಿಲ್ಲ. ಬಗ್ಗಿ, ಅಂಗೈಯಿಂದ ಟೈರಿಗೆ ಒಂದು ಏಟು ಕೊಟ್ಟು, ಕಿವಿ ಓರೆ ಮಾಡಿ ಕೇಳುತ್ತಿದ್ದರು. ಮಗುವಿನ ಹೊಟ್ಟೆ ಬಡಿದು ನೋಡುವ ಡಾಕ್ಟರರ ಹಾಗೆ. ಸರಿ ಇದ್ದರೆ ಏನೂ ಹೇಳುತ್ತಿರಲಿಲ್ಲ. ಸರಿ ಇಲ್ಲದಿದ್ದರೆ ಒಂದೇ ಮಾತು: “ತಗೀ.” ಬಿಚ್ಚಿ ತೆಗೆ ಎಂದು. ಗಾಡಿಯ ಧಣಿ ಎಷ್ಟೇ ದೊಡ್ಡವನಿರಲಿ, ತಗೀ ಅಂದರೆ ತಗೀ.

ಮದುವೆಗೆ ಬಂದರೆ ಅಕ್ಷತೆಗಿಂತ ಮೊದಲು ಗಾಡಿ ನಿಲ್ಲಿಸುವ ಜಾಗಕ್ಕೆ ಹೋಗುತ್ತಿದ್ದರು. ಒಮ್ಮೆ ಹೂವಿನಿಂದ ಸಿಂಗರಿಸಿದ ಮದುಮಕ್ಕಳ ಕಾರನ್ನೇ ತಡೆದರು. ಮುಂದಿನ ಟೈರಿನಲ್ಲಿ ಗಾಳಿ ಕಡಿಮೆ ಇದೆ, ಹೆಣ್ಣು ಮಕ್ಕಳನ್ನು ಇದರಲ್ಲಿ ಕಳಿಸುತ್ತೀರಾ ಎಂದು ಬೀಗರ ಮುಂದೆಯೇ ಗಂಡಿನ ತಂದೆಗೆ ಬೈದರು. ಅಳುತ್ತಿದ್ದ ಮದುಮಗಳು ಅಳು ನಿಲ್ಲಿಸಿ ನೋಡುತ್ತ ನಿಂತಳು. ದಸರೆಯಲ್ಲಿ ಎಲ್ಲರೂ ಬನ್ನಿ ಕೊಟ್ಟು, ಬಂಗಾರದಂಗ ಇರೋಣು ಎನ್ನುತ್ತೇವಲ್ಲ, ಕಾಕಾ ಎಲೆ ಕೈಗಿಟ್ಟು, “ಬಂಗಾರದಂಗ ಇರ್ರಿ. ತಿಂಗಳಿಗೊಮ್ಮೆ ಗಾಳಿ ನೋಡಿಸ್ರಿ” ಎನ್ನುತ್ತಿದ್ದರು. ಆ ಎರಡನೇ ಮಾತು ಆಶೀರ್ವಾದದಂತೆ ಇರುತ್ತಿರಲಿಲ್ಲ, ಬೆದರಿಕೆಯಂತೆ ಇರುತ್ತಿತ್ತು.

ಇವರು ಮೃದು ಮಾತಿನವರು!

ಈಗ ನನ್ನ ಮೊಮ್ಮಗಳ ವಿಷಯ. ಆಕೆಯ ಬಗ್ಗೆ ಹೇಳಲು ಕುಳಿತರೆ ಕಾಕಾ ಉಳಿದೇ ಹೋಗುತ್ತಾರೆ, ಆದ್ದರಿಂದ ಸ್ವಲ್ಪವೇ ಹೇಳುತ್ತೇನೆ. ಕಾಗದದಲ್ಲಿ ಆಕೆಯ ಹೆಸರು ಅನ್ವಿ. ನನ್ನ ಬಾಯಲ್ಲಿ ಶರಣಮ್ಮ. ಮಗನ ಮದುವೆಯಾಗಿ ಬಹಳ ವರ್ಷಗಳ ಮೇಲೆ, ಇನ್ನು ಕೇಳುವುದು ಬೇಡ ಎಂದು ನಾವೆಲ್ಲ ಬಾಯಿ ಮುಚ್ಚಿಕೊಂಡ ಮೇಲೆ ಬಂದ ಕೂಸು. ಅಂಗಾಲು ನೋಡಿದರೆ ಬಾಳೆಯ ಒಳದಿಂಡಿನ ಹಾಗೆ. ನಕ್ಕರೆ ಒಂದೇ ಕೆನ್ನೆಯಲ್ಲಿ ಗುಳಿ, ಇನ್ನೊಂದನ್ನು ದೇವರು ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದಾನೆ. ಸಾಕು. ಇನ್ನೂ ಇದೆ, ಆದರೆ ಸಾಕು.

ಆಕೆ ಹುಟ್ಟಿದ್ದು ಸಂಭಾಜಿನಗರದಲ್ಲಿ, ಅಂದರೆ ಹಿಂದಿನ ಔರಂಗಾಬಾದಿನಲ್ಲಿ, ಸೊಸೆಯ ತವರಿನಲ್ಲಿ. ಬೀಗರು ಕಲಬುರ್ಗಿ ಕಡೆಯವರು, ನೌಕರಿಗೆಂದು ಬಂದು ಅಲ್ಲೇ ಮನೆ ಕಟ್ಟಿದವರು. ಗುರುವಾರ ಹೋಗಿ ತಾಯಿ ಮಗುವನ್ನು ಕರೆತರುವುದು, ಭಾನುವಾರ ನಾಸಿಕದ ನಮ್ಮ ಮನೆಯಲ್ಲಿ ತೊಟ್ಟಿಲಿಗೆ ಹಾಕುವುದು ಎಂದು ನಿಶ್ಚಯವಾಗಿತ್ತು. ಭಾಲ್ಕಿಯಿಂದ ನೆಂಟರು ಹೊರಟು ನಿಂತಿದ್ದರು. ತೊಟ್ಟಿಲು ತೂಗುಹಾಕಿ, ಯಾರೂ ಇಲ್ಲದಾಗ ಖಾಲಿ ತೊಟ್ಟಿಲನ್ನೇ ತೂಗಿ ನೋಡುತ್ತಿದ್ದೆ.

ಕೂಸು ಬರುವುದಕ್ಕೆಂದೇ ಮಗ ದೊಡ್ಡ ಗಾಡಿ ತೆಗೆದುಕೊಂಡಿದ್ದ. ಹೊಸದಲ್ಲ, ಒಬ್ಬ ಬಿಲ್ಡರ್ ಇಟ್ಟುಕೊಂಡಿದ್ದ ಗಾಡಿ. ಆನೆಯಂಥದ್ದು. ಹತ್ತಲು ಮೆಟ್ಟಿಲು, ಒಳಗೆ ಚರ್ಮದ ಸೀಟು, ಮೇಲೆ ಗಾಜಿನ ಮಾಳಿಗೆ. ಆ ಬಿಲ್ಡರ್ ಮದುವೆಗೆ, ತ್ರ್ಯಂಬಕಕ್ಕೆ ಬಿಟ್ಟರೆ ಹೊರಗೇ ತೆಗೆದಿರಲಿಲ್ಲವಂತೆ. ಟೈರಿನ ಹಲ್ಲು ಬೆರಳು ಹೋಗುವಷ್ಟು ಆಳ. ಹಿಂದೆ ಹೆಚ್ಚಿನದೊಂದು, ಸ್ಟೆಪ್ನಿ ಎನ್ನುತ್ತಾರಲ್ಲ, ಅದು ಒಮ್ಮೆಯೂ ನೆಲ ಮುಟ್ಟಿರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ನಮ್ಮ ಕಡೆಯ ಹೆಂಗಸರು ಇಳಕಲ್ ಸೀರೆಯನ್ನು ಟ್ರಂಕಿನಲ್ಲಿಟ್ಟು ಮಗಳ ಮದುವೆಗೆ ತೆಗೆಯುವುದಿಲ್ಲವೇ, ಹಾಗೆ ಇಟ್ಟಿದ್ದಾನೆ ಪುಣ್ಯಾತ್ಮ ಎಂದುಕೊಂಡೆ.

ಬುಧವಾರ ಮಗ ಗಾಳಿ ತುಂಬಿಸಲು ಕಾಕಾನ ಅಂಗಡಿಗೆ ಹೋದ. ಹೋದವನು ಬರಲಿಲ್ಲ. ನಾನು ಅಂಟಿನ ಉಂಡೆ ಕಟ್ಟುತ್ತಿದ್ದೆ, ಫೋನು ಬಂತು.

“ಅವ್ವಾ, ಕಾಕಾ ಚಾವಿ ಕಿಸೇದಾಗ ಹಾಕ್ಕೊಂಡು ಕುಂತಾರ. ಕಾಯ್ ಕರೂ?”

ಏನು ಮಾಡಲಿ ಎಂದು ಕೇಳುತ್ತಾನೆ, ಆಳೆತ್ತರದ ಮಗ. ಕೈ ತೊಳೆದು ರಿಕ್ಷಾ ಹಿಡಿದು ಹೋದೆ. ಹೋಗುವಾಗ ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಜೋಡಿಸಿಕೊಂಡೆ.

ಕಾಕಾ ಟೈರುಗಳ ರಾಶಿಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು, ನಾಳೆ ಈ ಗಾಡಿಯಲ್ಲಿ ಯಾರು ಕೂರುವವರು ಎಂದು. ನನ್ನ ಮೊಮ್ಮಗಳು ಅಂದೆ. ಅಷ್ಟು ಹೆಮ್ಮೆಯಿಂದ ಅಂದೆ.

“ಹಂಗಂದ್ರ ಚಾವಿ ಸಿಗಾಂಗಿಲ್ಲ. ನಿಮ್ ಮಗ ಒಬ್ಬನೇ ಹೋಗೋದಿದ್ರ ನಾಕು ಬೈದು ಕೊಡ್ತಿದ್ದೆ.”

ಟೈರು ಹೊಸದರ ಹಾಗೇ ಇದೆಯಲ್ಲ ಎಂದೆ. ಅವರು ನನ್ನನ್ನು ಬಗ್ಗಿಸಿ, ಟೈರಿನ ಪಕ್ಕೆಯ ಮೇಲೆ ಬೆರಳು ಆಡಿಸಲು ಹೇಳಿದರು. ಸಣ್ಣ ಸಣ್ಣ ಸೀಳು, ಬೇಸಿಗೆಯ ಹಿಮ್ಮಡಿಯ ಹಾಗೆ. ಪಕ್ಕದಲ್ಲೇ ನಾಲ್ಕು ಅಂಕಿ. ಮೊದಲ ಎರಡು ತಯಾರಾದ ವಾರ, ಆಮೇಲಿನ ಎರಡು ವರ್ಷ ಎಂದು ಹೇಳಿ, ಇದು ನಿಮ್ಮ ಮಗನ ಮದುವೆಗಿಂತ ಹಿರಿಯದು ಅಂದರು. ಓಡಿಸದೆ ಬಿಸಿಲಿನಲ್ಲಿ ನಿಲ್ಲಿಸಿದ ಟೈರು ಸವೆಯುವುದಿಲ್ಲವಂತೆ, ಸಾಯುತ್ತದಂತೆ. ಸತ್ತದ್ದು ಹೊರಗೆ ಕಾಣುವುದಿಲ್ಲವಂತೆ.

ಸರಿ, ಬದಲಿಸೋಣ ಎಂದೆ. ಮೂರು ಹೊಸದು ಕೊಡಿ, ನಾಲ್ಕನೆಯದಕ್ಕೆ ನಮ್ಮ ಸ್ಟೆಪ್ನಿ ಇದೆ, ಅದು ನೆಲವನ್ನೇ ಮುಟ್ಟಿಲ್ಲ ಅಂದೆ. ಇದರಲ್ಲಿ ತಪ್ಪೇನಿದೆ ಹೇಳಿ. ಆ ಮನುಷ್ಯ ಚಹಾದ ಕಪ್ಪನ್ನು ಕೆಳಗಿಟ್ಟು ಹೇಗೆ ಎದ್ದರೆಂದರೆ, ರಸ್ತೆಯ ಆಚೆ ಕಬ್ಬಿನ ಹಾಲಿನವನು ಗಾಣ ನಿಲ್ಲಿಸಿ ನೋಡಿದ.

“ಅವ್ವಾ, ಅದೇನ್ ಸೀರಿ ಏನ್ರಿ, ಇಟ್ಟಷ್ಟು ಹೊಸದಿರ್ಲಾಕ? ಅದೂ ಇವುಗಳ ಜೋಡೀನೇ ಹುಟ್ಟ್ಯಾದ. ಮಲಗಿದಲ್ಲೇ ಮುದುಕಾಗ್ಯಾದ.”

ನಾನೂ ಬಿಡಲಿಲ್ಲ. ಹಾಗಾದರೆ ಎಲ್ಲಕ್ಕಿಂತ ಬಾಳಿಕೆ ಬರುವುದನ್ನು ಕೊಡಿ, ನನ್ನ ಮೊಮ್ಮಗಳು ಸಾಲಿಗೆ ಹೋಗುವವರೆಗೆ ಮತ್ತೆ ನಿಮ್ಮ ಮುಖ ನೋಡುವ ಹಾಗೆ ಆಗಬಾರದು ಅಂದೆ. ಅದಕ್ಕೆ ಅವರು ಅಂದದ್ದನ್ನು ಸಾಹೇಬರು ಕೇಳಬೇಕಿತ್ತು.

“ಬಾಳಿಕೀನೇ ಬೇಕಂದ್ರ ವೇರೂಳಿಗಿ ಹೋಗ್ರಿ. ಅಲ್ಲಿ ಗುಡ್ಡಾನೇ ಕೊರದು ರಥದಂಗ ಮಾಡಿಟ್ಟಾರ. ಸಾವಿರ ವರ್ಷ ಆಯ್ತು, ಒಂದು ಗೆರಿ ಸವದಿಲ್ಲ. ಏರಿ ಕುಂದರ್ರಿ.”

ವೇರೂಳ ಎಂದರೆ ಎಲ್ಲೋರಾ. ಗಟ್ಟಿ ರಬ್ಬರಿನ ಟೈರು ಬಹಳ ದಿನ ಬರುತ್ತದೆ, ಆದರೆ ಮಳೆಯಲ್ಲಿ ಬ್ರೇಕು ಹಾಕಿದರೆ ಜಾರುತ್ತದೆ ಎಂದು ಆಮೇಲೆ ಬಿಡಿಸಿ ಹೇಳಿದರು. ಹೇಳುವಾಗಲೂ ಬೈಯುವ ದನಿಯೇ. ಮಗನ ಕಣ್ಣು ಬೇರೆಯದರ ಮೇಲಿತ್ತು. ಟ್ರ್ಯಾಕ್ಟರಿನದರ ಹಾಗೆ ದಪ್ಪ ಗಡ್ಡೆಗಳಿರುವ, ಬಿಳಿ ಅಕ್ಷರ ಬರೆದ ಶೋಕಿಯ ಟೈರು. ಅವು ಡಾಂಬರಿನ ಮೇಲೆ ಬೇಗ ಸವೆಯುತ್ತವೆ, ಮೇಲಾಗಿ ದುಂಬಿಯ ಹಾಗೆ ಗುಂಯ್ ಎನ್ನುತ್ತವೆ, ನೀನು ಗುಡ್ಡ ಹತ್ತಿಸುತ್ತೀಯೋ ಮಗಳನ್ನು ಮಲಗಿಸುತ್ತೀಯೋ ಎಂದು ಅವನಿಗೂ ಬೈಗುಳವಾಯಿತು. ಕೊನೆಗೆ ಅವರೇ ನಿರ್ಧಾರ ಮಾಡಿದರು. ಆ ಗಾಡಿಯ ಭಾರ ತಡೆಯುವಂಥದ್ದು, ಹೆದ್ದಾರಿಗೆಂದೇ ಮಾಡಿದ್ದು, ಸದ್ದು ಮಾಡದ್ದು. ಬಾಳಿಕೆಯ ವಿಷಯ ಅಂಗಡಿಯಲ್ಲಿ ಅರ್ಧ, ಉಳಿದರ್ಧ ನಿಮ್ಮ ಕೈಯಲ್ಲಿ, ಗಾಳಿ ನೋಡಿಸಬೇಕು, ಹಿಂದಿನದು ಮುಂದೆ ಮುಂದಿನದು ಹಿಂದೆ ಹಾಕಿಸಬೇಕು, ಅಂದರೆ ನನ್ನ ಮುಖ ನೋಡಲೇಬೇಕು ಅಂದರು.

ಆದರೆ ಅಷ್ಟು ದೊಡ್ಡ ಅಳತೆಯದು ಅವರ ಹತ್ತಿರ ಇರಲಿಲ್ಲ. ಪುಣೆಯಿಂದ ಬರಬೇಕು. ಶನಿವಾರ ಮುಂಜಾನೆ.

ಇಲ್ಲಿ ನನ್ನ ಕಣ್ಣಲ್ಲಿ ನೀರು ಬಂತು. ಗುರುವಾರ ಅಲ್ಲಿ ಬೀಗರು ದಾರಿ ಕಾಯುತ್ತಾರೆ. ಶನಿವಾರ ಟೈರು ಬರುವುದು ತಡವಾದರೆ ಭಾನುವಾರ ನೆಂಟರೆಲ್ಲ ಬಂದು ಖಾಲಿ ತೊಟ್ಟಿಲು ನೋಡಿ ಹೋಗಬೇಕು. ಬಾಡಿಗೆ ಗಾಡಿ ತರೋಣ ಎಂದ ಮಗ. ತರ್ರಿ, ಹೊರಡೋ ಮೊದಲ ಇಲ್ಲಿಗಿ ತರ್ರಿ, ಅದರ ಟೈರೂ ನೋಡ್ತೀನಿ ಎಂದರು ಕಾಕಾ. ಪೊಲೀಸರಿಗೆ ಹೇಳುತ್ತೇನೆ ಅಂದೆ ನಾನು. ಹೇಳಿ, ಅವರ ಜೀಪೂ ನೋಡುವುದಿದೆ ಅಂದರು. ನಾನು ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಅವರ ಸ್ಕೂಟರಿನ ಕಡೆ ಕೈ ಮಾಡಿದೆ. ಅದರ ಟೈರು ಬೋಳು ತಲೆಯ ಹಾಗೆ ನುಣ್ಣಗಾಗಿತ್ತು.

“ಊರಿಗೆಲ್ಲ ಬೈತೀರಿ. ಅದೇನದು ಕಾಕಾ?”

ಅವರು ಸ್ಕೂಟರಿನ ಕಡೆ ಒಮ್ಮೆ ನೋಡಿದರು.

“ಅದರ ಮ್ಯಾಲ ನಾ ಒಬ್ಬನೇ ಕುಂದರ್ತೀನವ್ವ.”

ನನ್ನ ಸಿಟ್ಟು ಇಳಿಯಲಿಲ್ಲ. ಚಾವಿಯೂ ಕಿಸೆಯಿಂದ ಹೊರಬರಲಿಲ್ಲ.

ಗುರುವಾರ ನಾನೊಬ್ಬಳೇ ಉಂಡೆಯ ಡಬ್ಬಿ ಮಡಿಲಲ್ಲಿಟ್ಟುಕೊಂಡು ಎಸ್ಟಿ ಬಸ್ಸು ಹತ್ತಿದೆ. ಯೇವಲೆ, ವೈಜಾಪುರ ದಾಟಿ ಹೋಗುವಷ್ಟರಲ್ಲಿ ಬಸ್ಸಿನ ಕುಲುಕಾಟಕ್ಕೆ ಉಂಡೆ ಪುಡಿಯಾಗಿ ಹೋಯಿತು. ಬೀಗತಿ ಬಾಗಿಲಲ್ಲೇ ಆರತಿ ಹಿಡಿದು ನಿಂತವಳು ನನ್ನ ಹಿಂದೆ ಮುಂದೆ ನೋಡಿ, “ಅಷ್ಟು ದೊಡ್ಡ ಗಾಡಿ ತೊಗೊಂಡೀರಿ ಅಂತ ಕೇಳಿದ್ವಿ. ಅದರಾಗ ಏನು, ಫೋಟೋ ತೆಗಿಸ್ಕೊಳ್ಳೋದೇನ್ರಿ?” ಅಂದಳು. ನಗುತ್ತಲೇ ಅಂದಳು. ಅದೇ ಹೆಚ್ಚು ಉರಿಯುವುದು. ಆದರೆ ಒಳಗೆ ಹೋಗಿ ಶರಣಮ್ಮನನ್ನು ಎತ್ತಿಕೊಂಡಾಗ, ಆಕೆ ನನ್ನ ಬೆರಳು ಹಿಡಿದು ಬಿಡದೆ ಇದ್ದಾಗ, ಬೀಗತಿ ಇನ್ನೂ ನಾಲ್ಕು ಮಾತು ಅಂದರೂ ಅನ್ನಲಿ ಎನಿಸಿತು. ಆಕೆಯ ತಲೆಯ ವಾಸನೆ! ಇರಲಿ, ಕಾಕಾನ ವಿಷಯಕ್ಕೆ ಬರುತ್ತೇನೆ.

ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಗಾಡಿ ಬಂದು ನಿಂತಿತು. ಮಗ ಇಳಿದ. ಇನ್ನೊಂದು ಕಡೆಯ ಬಾಗಿಲು ತೆರೆದು ಕಾಕಾ ಇಳಿದರು. ಒಗೆದ ಧೋತರ, ತಲೆಗೆ ಬಿಳಿ ಟೋಪಿ. ಕರೆದವರಾರು? ಯಾರೂ ಇಲ್ಲ. ಹೊಸ ಟೈರು ಮೊದಲ ದಿನ ಸ್ವಲ್ಪ ಜಾರುತ್ತದೆ, ನಿಮ್ಮ ಮಗ ಹೇಗೆ ಓಡಿಸುತ್ತಾನೋ ನೋಡಬೇಕಿತ್ತು, ಬಂದೆ ಅಂದರು. ಬೀಗರ ಮನೆಯೊಳಗೆ ಕಾಲಿಡುವ ಮೊದಲು ಅಂಗಳದಲ್ಲಿದ್ದ ಅವರ ಕಾರಿನ ಟೈರು ಬಡಿದು, ತಗೀ ಅಂದರು. ಬೀಗತಿಯ ಮುಖ ನೋಡಬೇಕಿತ್ತು. ಆ ಒಂದು ಕ್ಷಣಕ್ಕಾಗಿ ಕಾಕಾನ ಅರ್ಧ ಅಪರಾಧ ಮಾಫ್ ಮಾಡಿದೆ.

ಇನ್ನರ್ಧ ಮಾಫ್ ಆಗಲಿಲ್ಲ, ಏಕೆಂದರೆ ಮಗ ಆಗಲೇ ಇನ್ನೊಂದು ಸುದ್ದಿ ಹೇಳಿದ. ಹಳೆಯ ಟೈರುಗಳನ್ನು ನಾನು ಮನೆಗೆ ತರಲು ಹೇಳಿದ್ದೆ, ಯಾವುದಕ್ಕಾದರೂ ಆಗುತ್ತವೆ. ಕಾಕಾ ಅವನ್ನು ಮಗನ ಕಣ್ಣ ಮುಂದೆಯೇ ಚೂರಿಯಿಂದ ಸೀಳಿ ಹಾಕಿದ್ದರು, ಯಾರೋ ಬಡವ ತೆಗೆದುಕೊಂಡು ತನ್ನ ಗಾಡಿಗೆ ಹಾಕಬಾರದೆಂದು. ಸ್ಟೆಪ್ನಿಯನ್ನೂ. ಒಂದು ದಿನವೂ ನೆಲ ಮುಟ್ಟದ ಆ ಸ್ಟೆಪ್ನಿಯನ್ನೂ! ನನ್ನ ಹೊಟ್ಟೆ ಇಂದಿಗೂ ಉರಿಯುತ್ತದೆ. ಆ ಟೈರುಗಳು ದಾರಿಯಲ್ಲಿ ಒಡೆಯುತ್ತಿದ್ದವೋ ಇಲ್ಲವೋ, ಈಗ ಯಾರಿಗೆ ಗೊತ್ತು? ನೀವು ಸರಿ ಎಂದು ಒಪ್ಪಿಕೊಳ್ಳುವ ಹಾಗಿಲ್ಲ, ತಪ್ಪು ಎಂದು ಜಗಳ ಮಾಡುವ ಹಾಗೂ ಇಲ್ಲ. ಆ ಮನುಷ್ಯ ಸಾಕ್ಷಿಯನ್ನೇ ಸೀಳಿ ಹಾಕಿದ.

ಸಂಜೆ ಹೊರಟೆವು. ಮುಂದೆ ಕಾಕಾ, ಹಿಂದೆ ಸೊಸೆ, ನಾನು, ನನ್ನ ಮಡಿಲಲ್ಲಿ ಶರಣಮ್ಮ. ಊರು ದಾಟುವವರೆಗೆ ಕಾಕಾ ಮಗನಿಗೆ ಒಂದೇ ಸಮನೆ ಬೈದರು, ಅಷ್ಟು ಜೋರಾಗಿ ಬ್ರೇಕು ಯಾಕೆ, ಆ ಗುಂಡಿ ಕಾಣಲಿಲ್ಲವೇ ಎಂದು. ಊರ ಹೊರಗೆ ಬಂದಾಗ ಕೂಸು ನಿದ್ದೆ ಹೋಯಿತು. ಕಾಕಾ ಹಿಂದೆ ತಿರುಗಿ ನೋಡಿದರು. ಆಮೇಲೆ ಒಂದು ಮಾತಿಲ್ಲ. ನಾಸಿಕ ಬರುವವರೆಗೆ ಕೈ ಸನ್ನೆಯಲ್ಲೇ ಮಗನಿಗೆ ನಿಧಾನ, ನಿಧಾನ ಎನ್ನುತ್ತಿದ್ದರು. ನಾನು ಸೊಸೆಗೆ ಏನೋ ಹೇಳಲು ಹೋದರೆ ತುಟಿಯ ಮೇಲೆ ಬೆರಳಿಟ್ಟು ಗದರಿಸಿದರು. ಗಾಡಿಯಲ್ಲಿ ಕೂಸಿನ ಉಸಿರು ಕೇಳುತ್ತಿತ್ತು, ಟೈರಿನ ಸದ್ದು ಕೇಳುತ್ತಿರಲಿಲ್ಲ. ಸಾಹೇಬರು ಮೈಕಿನಲ್ಲಿ ಹೇಳಿದ ಆ ಶಾಂತ ಮನುಷ್ಯನನ್ನು ನಾನು ಕಂಡಿದ್ದರೆ ಆ ದಾರಿಯಲ್ಲಿ ಮಾತ್ರ. ನಮ್ಮ ಮನೆಯ ಮುಂದೆ ಇಳಿದ ಕೂಡಲೇ, ಗೇಟಿನ ಮೂಲೆಗೆ ಟೈರು ತಿಕ್ಕಿತು ಎಂದು ಮಗನಿಗೆ ಮತ್ತೆ ಶುರುವಾಯಿತು.

ಭಾನುವಾರ ತೊಟ್ಟಿಲು ತುಂಬಿತು.

ಆಮೇಲೆ ತಿಂಗಳಿಗೊಮ್ಮೆ ಗಾಳಿ ನೋಡಿಸಲು ಹೋಗುವುದು ರೂಢಿಯಾಯಿತು. ಶರಣಮ್ಮನೂ ಬರುತ್ತಿದ್ದಳು. ಕಾಕಾ ಆಕೆಯನ್ನು ಎತ್ತಿಕೊಳ್ಳುತ್ತಿರಲಿಲ್ಲ, ಕೈ ಮಸಿ ಎಂದು. ಆಕೆ ನಿಲ್ಲಲು ಕಲಿತ ಮೇಲೆ ಟೈರಿಗೇ ಆನಿಸಿ ನಿಲ್ಲಿಸುತ್ತಿದ್ದರು. ಅವರು ಬಡಿದರೆ ಆಕೆಯೂ ಬಡಿಯುವಳು, ಅವರು ಕಿವಿ ಓರೆ ಮಾಡಿದರೆ ಆಕೆಯೂ. ಮನೆಗೆ ಬಂದ ಮೇಲೆ ಆ ಪುಟ್ಟ ಅಂಗೈ ತಿಕ್ಕಿ ತಿಕ್ಕಿ ತೊಳೆಯುವುದು ನನ್ನ ಕೆಲಸ. ಬೈದುಕೊಳ್ಳುತ್ತಲೇ ತೊಳೆಯುತ್ತಿದ್ದೆ.

ಇಂಥವರು ಎಂಟು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಅದೂ ಯಾರಿಗೂ ಹೇಳದೆ. ಊರಿನ ಟೈರೆಲ್ಲ ಬಡಿದು ನೋಡಿದವರು ತಮ್ಮ ಎದೆಯನ್ನು ಒಬ್ಬ ಡಾಕ್ಟರಿಗೂ ತೋರಿಸಲಿಲ್ಲ.

ಸಭೆಯಲ್ಲಿ ಸಾಹೇಬರಾದ ಮೇಲೆ ಇನ್ನೊಬ್ಬರು ಎದ್ದು, ಕಾಕಾ ಕೆಲವೊಮ್ಮೆ ಕಠಿಣವಾಗಿ ಕಂಡರೂ ಅದರ ಹಿಂದೆ ಏನೋ ದೊಡ್ಡ ನೋವು, ಏನೋ ಅಪಘಾತ ಇದ್ದಿರಬೇಕು ಎಂದರು. ಏನೂ ಇರಲಿಲ್ಲ. ನಾನೇ ಒಮ್ಮೆ ಕೇಳಿದ್ದೆ. ನನ್ನ ಮಂದಿಗೆ ಏನೂ ಆಗಿಲ್ಲ, ಯಾಕೆ, ಆದ ಮೇಲೆ ಸಿಟ್ಟು ಮಾಡಬೇಕೇನು ಎಂದು ನನಗೇ ತಿರುಗಿ ಬೈದಿದ್ದರು. ಸಿಟ್ಟಿಗೆ ಒಂದು ಕಥೆ ಹೊಂದಿಸಿದರೆ ಕೇಳುವವರಿಗೆ ಹಗುರ. ತಪ್ಪು ಕಂಡಿತು, ಸಿಟ್ಟು ಬಂತು, ಅಷ್ಟೇ ಅಂದರೆ ನಮ್ಮ ನಮ್ಮ ಗಾಡಿ ನೋಡಿಕೊಳ್ಳಬೇಕಾಗುತ್ತದಲ್ಲ.

ಚಪ್ಪಾಳೆಗೆ ಶರಣಮ್ಮ ಎದ್ದಳು. ಎತ್ತಿಕೊಂಡು ಹೊರಗೆ ಬಂದೆ. ಈಗ ಓಡಾಡುತ್ತಾಳೆ, ಇಳಿಸಿದರೆ ನಿಲ್ಲುವುದಿಲ್ಲ. ಮಾತು ಬಂದಿದೆ, ಆದರೆ ಬಂದದ್ದೆಲ್ಲ ಮರಾಠಿ. ನೀರಿಗೆ ಪಾಣಿ, ಬೆಕ್ಕಿಗೆ ಮಾಂಜರ್. ಕನ್ನಡದಲ್ಲಿ ಹೇಳಿದರೆ ಎಲ್ಲ ತಿಳಿಯುತ್ತದೆ, ಬಾಯಿಂದ ಮಾತ್ರ ಒಂದೂ ಕನ್ನಡದ ಮಾತು ಬಂದಿರಲಿಲ್ಲ. ಎಷ್ಟು ಕಲಿಸಿದ್ದೇನೆ ನಾನು! ಅಜ್ಜಿ ಅನ್ನು, ಹಾಲು ಅನ್ನು, ಹೂವು ಅನ್ನು. ಇಲ್ಲ.

ಗಾಡಿಗಳ ಸಾಲಿನಲ್ಲಿ ಹೋಗಿ ಒಂದೊಂದಾಗಿ ಬಡಿಯತೊಡಗಿದಳು. ಅಂಗೈಯಿಂದ ಒಂದು ಏಟು, ಕಿವಿ ಓರೆ, ಮುಂದಕ್ಕೆ. ಮತ್ತೆ ಏಟು, ಮುಂದಕ್ಕೆ. ಒಂದು ದೊಡ್ಡ ಬಿಳಿ ಗಾಡಿಯ ಹತ್ತಿರ ನಿಂತಳು. ಬಡಿದಳು. ಹುಬ್ಬು ಗಂಟಿಕ್ಕಿದಳು.

“ತಗೀ” ಅಂದಳು.

ಅಜ್ಜಿ ಅಲ್ಲ, ಹಾಲು ಅಲ್ಲ. ನನ್ನ ಮೊಮ್ಮಗಳ ಮೊದಲ ಕನ್ನಡ ಮಾತು, ಅದನ್ನೂ ಆ ಮನುಷ್ಯನೇ ಕಲಿಸಿ ಹೋದ. ನಗಬೇಕೋ ಅಳಬೇಕೋ ತಿಳಿಯದೆ ಬಗ್ಗಿ ಆ ಟೈರಿನ ಪಕ್ಕೆಯ ಮೇಲೆ ಬೆರಳು ಆಡಿಸಿದೆ. ಕೂಸಿಗೆ ಏನು ಗೊತ್ತು, ಬಡಿಯುವುದು ಆಕೆಗೆ ಆಟ. ಆದರೆ ನನ್ನ ಬೆರಳಿಗೆ ಸೀಳು ಸಿಕ್ಕವು. ಹಿಮ್ಮಡಿಯ ಸೀಳು.

ಸಭೆ ಮುಗಿದು ಗಾಡಿಯ ಧಣಿ ಬಂದರು. ಬ್ಯಾಂಕ್ ಸಾಹೇಬರೇ. ಹಿಂದೆ ಅವರ ಮನೆಯವರು, ಮಗಳು, ಮಗಳ ಎರಡು ಚಿಕ್ಕ ಮಕ್ಕಳು. ವೇರೂಳ ಹತ್ತಿರದ ಖುಲ್ತಾಬಾದಿನ ಮಾರುತಿಯ ದರ್ಶನಕ್ಕೆ ಹೊರಟಿದ್ದೇವೆ ಎಂದರು. ಟೈರು ಹಳೆಯದಾಗಿದೆ ಎಂದೆ. ಅವರು ನಕ್ಕು, ಟೈರಿನ ಹಲ್ಲಿಗೆ ಬೆರಳು ಹಾಕಿ ತೋರಿಸಿದರು, “ನೋಡಿ ಅಮ್ಮ, ಹೊಸದರ ಹಾಗೇ ಇದೆ. ಹೆಚ್ಚು ಓಡಿಸೇ ಇಲ್ಲ.”

ನಾನು ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಬಾಗಿಲಿಗೆ ಅಡ್ಡ ನಿಂತೆ. ಕೈ ಚಾಚಿದೆ.

“ಚಾವಿ ಕೊಡ್ರಿ” ಅಂದೆ.